ಮೂರನೇ ಗುಂಡಿಯ ಹೊಳಪು

ಕಲ್ಲು ತೊಳೆಯುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಫಳಫಳಮ್ಮನ ಮುಂದೆ ಮಾತ್ರ ಹಾಗೆನ್ನಬಾರದು. ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಎರಡು ತೊಟ್ಟಿ, ಒಂದು ನಲ್ಲಿ, ಒಂದು ಡಬ್ಬಿ ತುಂಬ ಹಳೆಯ ಹಲ್ಲುಜ್ಜುವ ಬ್ರಷ್ಷು. ಅಲ್ಲಿ ಆಕೆ ಹನ್ನೊಂದು ವರ್ಷದಿಂದ ಕೂತಿದ್ದಾಳೆ. ಉತ್ಖನನದ ಗುಂಡಿಗಳಿಂದ ಚೀಲಗಟ್ಟಲೆ ಬರುವ ಆದಿಮಾನವರ ಕಲ್ಲಿನ ಅಲಗುಗಳಿಗೆ ಸಾವಿರಾರು ವರ್ಷಗಳ ಮೇಲೆ ಮೊದಲ ಸ್ನಾನ ಅವಳ ಕೈಯಲ್ಲೇ. ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಅವಳ ಮನೆಯ ಬಾಣಲೆಯ ಬೆನ್ನಲ್ಲೂ ಮುಖ ನೋಡಿಕೊಳ್ಳಬಹುದಿತ್ತು.

ಬರೀ ನೀರು, ಮೆತ್ತನೆಯ ಬ್ರಷ್ಷು ಎಂಬುದು ಅಲ್ಲಿನ ನಿಯಮ. ಆದರೆ ಮೂರನೇ ಗುಂಡಿಯ ಮಣ್ಣು ಮಹಾ ಮೊಂಡು, ಅಲಗಿನ ಅಂಚನ್ನೇ ಕಚ್ಚಿ ಕೂರುತ್ತಿತ್ತು. ಪಕ್ಕದ ತೊಟ್ಟಿಯವಳು ಉಳಿದ ಗುಂಡಿಗಳ ಕಲ್ಲಿಗೆ ನೀರು ತೋರಿಸಿ ಎತ್ತಿಡುವವಳು. ಫಳಫಳಮ್ಮನ ಜೀವ ಒಪ್ಪಬೇಕಲ್ಲ? ಮನೆಯಿಂದ ಪಾತ್ರೆ ಉಜ್ಜುವ ಪುಡಿ ತಂದು, ಅಂಚು ಅಂಚನ್ನೂ ತಿಕ್ಕಿದಳು. ಕಲ್ಲಿಗೇನು ನೋವೇ ಎಂದುಕೊಂಡಳು.

ಆ ಕಲ್ಲುಗಳೆಲ್ಲ ಹೋಗುತ್ತಿದ್ದದ್ದು ಮುಂದಿನ ಕೋಣೆಯ ಸಂಶೋಧಕಿಯ ಬಳಿಗೆ. ಎರಡು ವರ್ಷದಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸೂಕ್ಷ್ಮದರ್ಶಕದಲ್ಲಿ ಇಣುಕುತ್ತಿದ್ದ ಹುಡುಗಿ. ಒಂದು ಶುಕ್ರವಾರ ಬೆಳಿಗ್ಗೆ ಟೀ ಹೊತ್ತಿಗೆ ಕುಣಿಯುತ್ತ ಬಂದಳು. ಮೂರನೇ ಗುಂಡಿಯ ಅಲಗುಗಳ ಅಂಚಿನಲ್ಲಿ ಮಾತ್ರ ವಿಚಿತ್ರ ಹೊಳಪು ಇದೆಯಂತೆ. ಆ ಕಾಲದ ಜನ ರಾಶಿಗಟ್ಟಲೆ ಹುಲ್ಲು ಕೊಯ್ದು ಕೊಯ್ದು ಬಂದ ಹೊಳಪಂತೆ. ಇಷ್ಟು ಹಿಂದೆ ಕೊಯ್ಲು ನಡೆದಿತ್ತೆಂದು ಯಾರಿಗೂ ಗೊತ್ತಿರಲಿಲ್ಲವಂತೆ. ಸೋಮವಾರ ದೊಡ್ಡ ಸಮ್ಮೇಳನದಲ್ಲಿ ಹೇಳುತ್ತಾಳಂತೆ.

ಫಳಫಳಮ್ಮನಿಗೆ ತನ್ನ ಪಾತ್ರೆ ಪುಡಿ ನೆನಪಾಯಿತು. ಕೈಯಲ್ಲಿದ್ದ ಟೀ ಆರಿಹೋದದ್ದೂ ತಿಳಿಯಲಿಲ್ಲ.

ಸಂಜೆ ಗಂಡನ ಮುಂದೆ ಎಲ್ಲ ಹೇಳಿಕೊಂಡಳು. ಬಸ್ಸು ಓಡಿಸಿ ದಣಿದು ಬಂದವನು, ಕಾಲು ಚಾಚಿ ಕೂತು ತೀರ್ಪು ಕೊಟ್ಟ.

"ಯಾರಾದ್ರೂ ಕೇಳಿದ್ರಾ? ಇಲ್ವಲ್ಲ. ಮತ್ತೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ? ಬಾಯಿ ಬಿಟ್ರೆ ಕೆಲಸ ಹೋಗುತ್ತೆ ಅಷ್ಟೆ."

ಅವನ ಮಾತು ತಪ್ಪೇನಲ್ಲ. ಇನ್ನೊಂದು ಕೆಲಸ ಸಿಗುವ ವಯಸ್ಸೂ ಅವಳದಲ್ಲ. ಆದರೂ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ಹುಡುಗಿಯ ಮೇಲೆ ಕನಿಕರ, ತನ್ನ ಮೇಲೆ ಸಿಟ್ಟು. ಜೊತೆಗೆ, ನಿಜ ಹೇಳಬೇಕೆಂದರೆ, ಆ ಹುಲ್ಲು ಕೊಯ್ದವರ ಮೇಲೆ ಚೂರು ಹೊಟ್ಟೆಕಿಚ್ಚೂ ಇತ್ತು.

ಶನಿವಾರ ಬೆಳಿಗ್ಗೆ ಪುಡಿಯ ಡಬ್ಬಿ ಹಿಡಿದು ನೇರ ಮುಂದಿನ ಕೋಣೆಗೆ ನಡೆದಳು. ಹೋಲಿಸಿ ನೋಡಲೆಂದು ಸಂಶೋಧಕಿ ತಾನೇ ಒಡೆದಿಟ್ಟಿದ್ದ ಹೊಸ ಕಲ್ಲುಚಕ್ಕೆಯೊಂದನ್ನು ಕೇಳಿ ತೆಗೆದುಕೊಂಡು, ಅವಳೆದುರೇ ಅದರ ಅಂಚನ್ನು ಕಾಲು ಗಂಟೆ ಉಜ್ಜಿದಳು. ತೊಳೆದು ಕೈಗಿತ್ತಳು.

"ಇದನ್ನ ನೋಡಿ ಮೇಡಂ."

ಸಂಶೋಧಕಿ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಳು. ಮೂರನೇ ಗುಂಡಿಯ ಅಲಗು ಇಟ್ಟು ನೋಡಿದಳು. ಮತ್ತೆ ಇದನ್ನು ಇಟ್ಟಳು. ತಲೆ ಎತ್ತಿದಾಗ ಅವಳ ಮುಖ ಬಿಳಿಚಿಕೊಂಡಿತ್ತು.

"ಆ ಹೊಳಪು ನಂದು ಮೇಡಂ. ಎರಡು ವರ್ಷ ರಟ್ಟೆ ಬೀಳೋ ಹಾಗೆ ಉಜ್ಜಿದೀನಿ. ಅದನ್ನ ಯಾರೋ ಹುಲ್ಲು ಕೊಯ್ದೋರ ಹೆಸರಿಗೆ ಬರೀಬೇಡಿ."

ಹುಡುಗಿ ಗಳಗಳನೆ ಅತ್ತಳು. ಕೂಗಾಡಿದಳು. ನಿಯಮ ಗೋಡೆಯ ಮೇಲೆ ಬರೆದದ್ದು ಕಾಣಲಿಲ್ಲವೇ ಎಂದಳು. ಫಳಫಳಮ್ಮ ಪುಡಿಯ ಡಬ್ಬಿ ಎತ್ತಿಕೊಂಡು ಮನೆಗೆ ಹೋಗಿ, ಕೆಲಸ ಹೋಯಿತೆಂದೇ ಭಾನುವಾರವಿಡೀ ಸಂಕಟಪಟ್ಟಳು.

ಸೋಮವಾರ ಸಮ್ಮೇಳನದಲ್ಲಿ ಸಂಶೋಧಕಿ ಎರಡು ಹೊಳಪಿನ ಚಿತ್ರಗಳನ್ನೂ ಪಕ್ಕಪಕ್ಕದಲ್ಲಿ ತೋರಿಸಿ, ತೊಳೆಯುವಾಗಲೇ ನಾವು ಹೇಗೆ ಮೋಸಹೋಗುತ್ತೇವೆ ಎಂದು ವಿವರಿಸಿದಳು. ಸಭೆಯಲ್ಲಿ ಎಷ್ಟೋ ಪಂಡಿತರು ತಮ್ಮ ತಮ್ಮ ತೊಟ್ಟಿಗಳನ್ನು ನೆನೆದು ಬೆವರಿದರಂತೆ.

ಮಂಗಳವಾರ ಅವಳೇ ಹಿಂದಿನ ಕೋಣೆಗೆ ಬಂದು ನಾಲ್ಕನೇ ಗುಂಡಿಯ ಚೀಲ ಇಳಿಸಿದಳು.

"ಅಕ್ಕ, ಇವನ್ನ ನೀವೇ ತೊಳೀರಿ. ನೀರು ಮಾತ್ರ. ಅಂಚು ಮುಟ್ಟಬೇಡಿ."

ಫಳಫಳಮ್ಮ ತೊಟ್ಟಿಗೆ ನೀರು ಬಿಟ್ಟಳು. ಮೊದಲ ಅಲಗನ್ನು ಎರಡು ಸಲ ನೀರಲ್ಲಿ ಅದ್ದಿ ಮೇಲೆತ್ತಿದಳು. ಅಂಚಿನುದ್ದಕ್ಕೂ ಕಪ್ಪು ಮಣ್ಣು ಹಾಗೇ ಕೂತಿತ್ತು. ಅದನ್ನು ತಟ್ಟೆಯಲ್ಲಿಟ್ಟು, ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು, ಅದು ಒಣಗುವವರೆಗೂ ಅಲ್ಲೇ ಕೂತಳು.