ಸಡಿಲಾಗದ ಟ್ರಿಗ್ಗರ್

ಹೋದ ವಾರ ನನ್ನ ಗೇಮ್ ಕಂಟ್ರೋಲರಿನ ಬಲಗಡೆ ತೋರುಬೆರಳು ಕೂರುವ ಟ್ರಿಗ್ಗರ್ ಗುಂಡಿ ಒತ್ತಿದಾಗಲೆಲ್ಲ ಕಿರ್ ಕಿರ್ ಎನ್ನತೊಡಗಿತು. ಬೇರೇನೂ ಕೈಗೆ ಸಿಗದೆ ಹೊಲಿಗೆ ಮಷಿನ್ನಿನ ಎಣ್ಣೆಯ ಬಾಟಲಿ ಹುಡುಕಿ ಒಂದೇ ಒಂದು ಹನಿ ಬಿಟ್ಟೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೂತವಳು ಹಾಗೇ ಕೂತುಬಿಟ್ಟೆ. ಅಕ್ಕನ ಸೆರಗಿನಲ್ಲಿ, ಕೈಯಲ್ಲಿ, ಅವಳು ತಂದುಕೊಟ್ಟ ಚಹಾದ ಲೋಟದಲ್ಲಿ ಕೂಡ ಇದೇ ವಾಸನೆ ಇರುತ್ತಿತ್ತು. ಆಗ ಅದನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗ ನೋಡಿದರೆ... ಬಾಟಲಿಯ ಮುಚ್ಚಳ ಹಾಕಲು ಬಹಳ ಹೊತ್ತು ಹಿಡಿಯಿತು.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ಗಂಡನ ಅಣ್ಣನ ಹೆಂಡತಿ, ನನ್ನ ವಾರಗಿತ್ತಿ. ಅವಳು ಕುರುಗೋಡಿನ ಮಗಳು, ನಾನು ಸಿರುಗುಪ್ಪದವಳು. ಬಳ್ಳಾರಿಯ ಪಾರ್ವತಿನಗರದ ಒಂದೇ ಮನೆಯಲ್ಲಿ, ಒಂದೇ ಅಡುಗೆಕೋಣೆಯಲ್ಲಿ ಇಬ್ಬರೂ ಸೊಸೆಯಂದಿರಾಗಿದ್ದೆವು. ನಾನು ಬಿ.ಕಾಂ. ಮಾಡಿದವಳು, ಅವಳು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ದಿನಗಳಲ್ಲಿ ನಾನು ಇದನ್ನು ಒಂದು ಗಳಿಗೆಯೂ ಮರೆಯುತ್ತಿರಲಿಲ್ಲ.

ಮುಂದಿನ ಕೋಣೆಯಲ್ಲಿ ಅಕ್ಕನ ಮೋಟರ್ ಮಷಿನ್ ಇತ್ತು. ಜೀನ್ಸ್ ಯೂನಿಟ್ಟಿನಿಂದ ಗಂಟು ಗಂಟಾಗಿ ಬಟ್ಟೆ ಬರುತ್ತಿತ್ತು. ಅವಳ ಕೆಲಸ ಪ್ಯಾಂಟಿನ ಹಿಂಬದಿ ಜೇಬಿನ ಮೇಲೆ ದಾರದ ಡಿಸೈನ್ ಹಾಕುವುದು. ಬಾಗಿದ ಎರಡು ಗೆರೆ, ನಡುವೆ ಕೂದಲೆಳೆಯಷ್ಟು ಜಾಗ. ಪೆಡಲನ್ನು ಪೂರ್ತಿ ಒತ್ತಿದರೆ ಬಟ್ಟೆ ಕೈತಪ್ಪಿ ಓಡುತ್ತದೆ. ಅಕ್ಕ ಪಾದದ ತುದಿಯಿಂದ ಒತ್ತಿಯೂ ಒತ್ತದ ಹಾಗೆ ಒತ್ತಿ, ತಿರುವಿನಲ್ಲಿ ಒಂದೊಂದೇ ಹೊಲಿಗೆ ಹಾಕುತ್ತಿದ್ದಳು. ಹೊಸ ಮಷಿನ್ ಬಂದರೂ ಅವಳ ಪರೀಕ್ಷೆ ಅದೇ. ಚಿಂದಿ ಬಟ್ಟೆ ಇಟ್ಟು ಒಂದು ಹೊಲಿಗೆ, ನಿಲ್ಲಿಸುವುದು. ಇನ್ನೊಂದು ಹೊಲಿಗೆ, ನಿಲ್ಲಿಸುವುದು. ಉದ್ದ ಹೊಲಿಗೆ ಯಾರು ಬೇಕಾದರೂ ಹಾಕುತ್ತಿದ್ದರು, ಜೇಬಿನ ಗಂಟು ಮಾತ್ರ ಅವಳ ಮನೆಬಾಗಿಲಿಗೇ ಬರುತ್ತಿತ್ತು.

ಬರಲಿ ಬಿಡು, ನನಗೇನು? ನನಗೆ ನನ್ನ ಬೈಕ್ ಆಟವಿತ್ತು. ನನ್ನ ಗಂಡ ತಂದಿದ್ದ ಕಂಪ್ಯೂಟರಿನಲ್ಲಿ ಆಡುತ್ತಿದ್ದೆ. ರೇಸ್ ಅಲ್ಲ ಅದು. ಒಂದರ ಮೇಲೊಂದು ಪೇರಿಸಿದ ಡ್ರಮ್ಮು, ತೂಗಾಡುವ ಹಲಗೆ, ಮುರಿದ ಸೇತುವೆ, ಇವುಗಳ ಮೇಲೆ ಬೈಕನ್ನು ಬೀಳದಂತೆ ದಾಟಿಸಬೇಕು. ಜಾಸ್ತಿ ಆಕ್ಸಿಲರೇಟರ್ ಕೊಟ್ಟರೆ ಮುಂದಿನ ಗಾಲಿ ಎದ್ದು ಸವಾರ ಅಂಗಾತ ಬೀಳುತ್ತಾನೆ, ಕಡಿಮೆ ಕೊಟ್ಟರೆ ಹಿಂದಕ್ಕೆ ಜಾರುತ್ತಾನೆ. ನಾನು ಕೀಬೋರ್ಡಿನಲ್ಲಿ ಟಕ್ ಟಕ್ ಟಕ್ ಎಂದು ಬಡಿದು ಬಡಿದು ದಾಟಿಸುತ್ತಿದ್ದೆ. ಕಡೆಯದೊಂದು ಹಾದಿ ಬಿಟ್ಟು ಎಲ್ಲವನ್ನೂ ಮುಗಿಸಿದ್ದೆ. ಮನೆಯವರೆಲ್ಲ ನನ್ನ ಹಿಂದೆ ನಿಂತು ನೋಡುತ್ತಿದ್ದರು. ಅತ್ತೆ ಕೂಡ ಹುಣಸೆಹಣ್ಣು ಬಿಡಿಸುತ್ತಾ, "ಬಿದ್ದಾ ನೋಡ್ ಬಿದ್ದಾ!" ಎಂದು ಕೂಗುತ್ತಿದ್ದರು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ಜಾಗ.

ಒಂದು ಸಲ ಸಿರುಗುಪ್ಪದಿಂದ ಬಂದ ನನ್ನ ತಮ್ಮ ತನ್ನ ಕಂಟ್ರೋಲರನ್ನು ತಂದಿದ್ದ. ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಸುಮ್ಮನೆ ಕುತೂಹಲಕ್ಕೆ ಅದನ್ನು ಕೈಗೆ ತೆಗೆದುಕೊಂಡಳು. ಬಲಗಡೆಯ ಟ್ರಿಗ್ಗರ್ ಎಷ್ಟು ಒತ್ತಿದರೆ ಅಷ್ಟೇ ಆಕ್ಸಿಲರೇಟರ್ ಎಂದು ತಮ್ಮ ಹೇಳಿಕೊಟ್ಟ.

"ಅಯ್ಯ, ಇದು ನಮ್ಮ ಪೆಡ್ಲು!" ಎಂದಳು ಅಕ್ಕ.

ಅಷ್ಟೇ. ನನಗೆ ಎರಡು ವಾರ ಹಿಡಿದಿದ್ದ ಹಲಗೆಯ ಸೇತುವೆಯನ್ನು ಅವಳು ಒಂದೇ ಮಧ್ಯಾಹ್ನದಲ್ಲಿ ದಾಟಿದಳು. ಬೈಕು ಡ್ರಮ್ಮಿನ ತುದಿಯಲ್ಲಿ ನಿಂತು ಉಸಿರಾಡಿ, ಆಮೇಲೆ ಇಷ್ಟೇ ಇಷ್ಟು ಮುಂದೆ ಹೋಗುತ್ತಿತ್ತು. ನನ್ನ ಗಂಡ, ನನ್ನ ಸ್ವಂತ ಗಂಡ, "ಅತ್ತಿಗಿ ಕೈ ನೋಡಲೇ, ಬೆಣ್ಣಿ ತಗದಂಗ!" ಎಂದು ನನಗೇ ಹೇಳಿದ. ಅತ್ತೆಯಂತೂ ಓಣಿಯಲ್ಲಿ ಯಾರು ಸಿಕ್ಕರೂ ದೊಡ್ಡ ಸೊಸೆ ಬೈಕ್ ಹೊಡೆದದ್ದನ್ನೇ ಹೇಳಿದ್ದು. ನಾನು ಇಷ್ಟು ದಿನ ಹೊಡೆದದ್ದೇನು, ಎತ್ತಿನ ಗಾಡಿಯೇ?

ತಮ್ಮ ತನ್ನ ಕಂಟ್ರೋಲರನ್ನು ವಾಪಸ್ ತೆಗೆದುಕೊಂಡು ಹೋದ. ಹೋಗುವಾಗ ಸುಮ್ಮನೆ ಹೋಗಬಾರದೆ, "ಮುಂದಿನ ತಿಂಗಳ ಭಾನುವಾರ ಬರ್ತೀನಿ, ಇಬ್ರೂ ಕಡೀ ಹಾದಿ ಆಡ್ರಿ, ಯಾರ್ ಮುಗಸ್ತೀರಿ ನೋಡಾಣ" ಎಂದು ಬೆಂಕಿ ಹಚ್ಚಿ ಹೋದ. ಮನೆಗೊಂದು ಕಂಟ್ರೋಲರ್ ತರುವುದೆಂದು ತೀರ್ಮಾನವಾಯಿತು. ಆರಿಸಲು ಅಕ್ಕನ ಜೊತೆ ಹೋಗಬೇಕಾದವಳು ನಾನೇ, ಯಾಕೆಂದರೆ ಓದಿದವಳು ನಾನು.

ಅಂಗಡಿಯವನು ಎರಡನ್ನು ಮುಂದಿಟ್ಟ. ಒಂದು ಕರ್ರಗೆ, ಮಬ್ಬಾಗಿ, ದಪ್ಪ ವೈರಿನದು. ಇನ್ನೊಂದು ಸಣ್ಣಗೆ, ನಾಲ್ಕೂ ಕಡೆ ಬಣ್ಣದ ದೀಪ. ಅಕ್ಕ ದೀಪ ನೋಡಲಿಲ್ಲ. "ಹಚ್ಚಿ ತೋರಸ್ರೀ" ಎಂದು ಅಂಗಡಿಯ ಕಂಪ್ಯೂಟರಿಗೆ ಕರಿಯದನ್ನು ಹಾಕಿಸಿದಳು. ಮಷಿನ್ನಿಗೆ ಚಿಂದಿ ಬಟ್ಟೆ ಇಟ್ಟಂತೆಯೇ ಪರೀಕ್ಷೆ. ಬೈಕನ್ನು ಒಂದು ಬೆರಳಷ್ಟು ಮುಂದೆ ಬಿಟ್ಟಳು, ನಿಲ್ಲಿಸಿದಳು. ಇನ್ನೊಂದು ಬೆರಳಷ್ಟು, ನಿಲ್ಲಿಸಿದಳು. ಟ್ರಿಗ್ಗರ್ ಆಳವಾಗಿ, ಮೆತ್ತಗೆ ಇಳಿಯುತ್ತಿತ್ತು. ಮುಖ ಅರಳಿತು. ಆಮೇಲೆ ದೀಪದ್ದನ್ನು ಹಿಡಿದಳು. ಅದರ ಟ್ರಿಗ್ಗರ್ ಬರೀ ಟಕ್ ಎನ್ನುವ ಸ್ವಿಚ್ಚು. ಒತ್ತಿದರೆ ಪೂರ್ತಿ, ಬಿಟ್ಟರೆ ಇಲ್ಲ. ನಡುವೆ ಏನೂ ಇಲ್ಲ. ಗುಂಡು ಹಾರಿಸುವ ಆಟಕ್ಕೆ ಸರಿ, ಬೈಕನ್ನು ಹಲಗೆಯ ಮೇಲೆ ನಡೆಸಲು ಅಲ್ಲ. ಬೈಕು ಜಿಗಿದು ಅಂಗಾತ ಬಿತ್ತು.

"ಇದು ಜಿಗೀತೈತೆಲ್ಲವ್ವ," ಎಂದು ನನ್ನ ಮುಖ ನೋಡಿದಳು.

ನನಗೆ ಎಲ್ಲವೂ ಗೊತ್ತಿತ್ತು. ಅರ್ಧ ಒತ್ತುವ ಕಲೆಗೆ ಅದರಲ್ಲಿ ಜಾಗವಿಲ್ಲ ಎಂದೂ ಗೊತ್ತಿತ್ತು, ಕೀಬೋರ್ಡ್ ಬಡಿದ ನನ್ನ ಬೆರಳಿಗೆ ಅದೇ ಸರಿ ಎಂದೂ ಗೊತ್ತಿತ್ತು. ನಾಲಿಗೆ ತಾನಾಗಿಯೇ ತಿರುಗಿತು.

"ಹೊಸಾದಲ್ಲೇನ್ರೀ ಅಕ್ಕಾ, ಬಿಗಿ ಇರ್ತೈತಿ. ನಾಕ್ ದಿನ ಆಡಿದ್ರ ಸಡ್ಲ ಆಗ್ತೈತಿ."

"ಹೌದಲ್ಲ, ಮಷಿನ್ನೂ ಹಂಗ," ಎಂದಳು. ಹೊಸ ಮಷಿನ್ನಿನ ಪೆಡಲನ್ನು ಓಡಿಸಿ ಓಡಿಸಿ ಸಡಿಲ ಮಾಡಿಕೊಂಡವಳು ಅವಳು. ಅವಳಿಗೆ ಯಾವ ಮಾತು ಹೇಳಿದರೆ ನಂಬುತ್ತಾಳೋ ಅದನ್ನೇ ನಾನು ಹೇಳಿದ್ದೆ. ದೀಪದ್ದು ನಮ್ಮ ಮನೆಗೆ ಬಂತು.

ಆ ಮೂರು ವಾರ ಅಕ್ಕ ಅದನ್ನು ಸಡಿಲ ಮಾಡುತ್ತಲೇ ಇದ್ದಳು. ಧಾರಾವಾಹಿ ನೋಡುವಾಗ ಕೈಯಲ್ಲಿ ಹಿಡಿದು ಟಕ್ ಟಕ್ ಒತ್ತುವುದು, ಮಷಿನ್ನಿನ ಎಣ್ಣೆ ಬಿಡುವುದು, ಮತ್ತೆ ಒತ್ತುವುದು. "ಇನ್ನೂ ಬಿಗಿನ ಐತಿ ನೋಡವ್ವ," ಎಂದು ನನಗೇ ಬಂದು ಹೇಳುವಳು. "ಆಗ್ತೈತಿ ತಡೀರಿ," ಎಂದು ನಾನು. ಸ್ವಿಚ್ಚು ಎಲ್ಲಿಂದ ಸಡಿಲವಾಗಬೇಕು! ಎದೆ ಒಂದೆರಡು ಸಲ ಚುಳ್ ಎಂದದ್ದುಂಟು. ಆದರೆ ಅಷ್ಟರಲ್ಲಿ ಅತ್ತೆ ಯಾರಿಗಾದರೂ ದೊಡ್ಡ ಸೊಸೆಯ ಕೈಚಳಕ ಹೇಳುವುದು ಕಿವಿಗೆ ಬೀಳುತ್ತಿತ್ತು, ಚುಳ್ ಎಂದದ್ದು ಅಲ್ಲೇ ಆರಿಹೋಗುತ್ತಿತ್ತು.

ಆ ಭಾನುವಾರ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಮಾಡಿದ್ದೆವು. ಸಿರುಗುಪ್ಪದಿಂದ, ತನ್ನ ಕಂಟ್ರೋಲರ್ ತರದೆ, ನನ್ನ ತಮ್ಮ, ಕುರುಗೋಡಿನಿಂದ ಅಕ್ಕನ ಅಣ್ಣ, ಎಲ್ಲರೂ ಬಂದಿದ್ದರು. ಅಕ್ಕ ಮೊದಲು ಕೂತಳು. ಎಂದಿನಂತೆ ಮೆಲ್ಲಗೆ ಒತ್ತಿದಳು, ಬೈಕು ಅಲುಗಲಿಲ್ಲ. ಇನ್ನೊಂದಿಷ್ಟು ಒತ್ತಿದಳು, ಬೈಕು ಎದ್ದು ಅಂಗಾತ ಬಿತ್ತು. ಎಷ್ಟು ಸಲ ಆಡಿದರೂ ಅಷ್ಟೇ, ಮೊದಲ ಡ್ರಮ್ಮನ್ನೇ ದಾಟಲಿಲ್ಲ. ಆಮೇಲೆ ನಾನು ಕೂತೆ. ಟಕ್ ಟಕ್ ಟಕ್. ಕಡೆಯ ಹಾದಿ ಮುಗಿಯಿತು! ತಮ್ಮ ಸಿಳ್ಳೆ ಹೊಡೆದ. ಅತ್ತೆ, "ನಮ್ಮ ಸಣ್ಣ ಸೊಸಿನ ಸೊಸಿ ನೋಡು," ಎಂದರು. ನನಗೆ ಆದ ಖುಷಿಯನ್ನು ಮುಚ್ಚಿಡುವುದಿಲ್ಲ, ಆ ದಿನ ನಾನು ಎರಡು ಮಿರ್ಚಿ ಜಾಸ್ತಿ ತಿಂದೆ.

ಅಕ್ಕ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಪಾತ್ರೆ ತೊಳೆಯುವಾಗ ಮಾತ್ರ ತನ್ನ ಬಲಗೈಯ ಬೆರಳನ್ನು ಮಡಿಸಿ ಬಿಚ್ಚಿ ನೋಡಿಕೊಂಡು, "ನನ್ನ ಕೈ ಮೊಂಡ ಆಗ್ಯಾವವ್ವ," ಎಂದಳು. ನಾನು ಪಾತ್ರೆಗೆ ಇನ್ನೊಂದು ಚೊಂಬು ನೀರು ಸುರಿದೆ.

ನಾನು ಕೆಡಿಸಿದ್ದು ಒಂದು ಆಟವನ್ನು ಎಂದುಕೊಂಡಿದ್ದೆ. ಅವಳು ಅದನ್ನು ಆಟ ಎಂದು ತಿಳಿಯಲೇ ಇಲ್ಲ. ಸ್ವಲ್ಪ ದಿನಕ್ಕೆ ಯೂನಿಟ್ಟಿನವನು ಜೇಬಿನ ಗಂಟು ತಂದಾಗ, ತಿರುವಿನಲ್ಲಿ ಗೆರೆ ತಪ್ಪಿದರೆ ಮಾಲು ಹಾಳಾಗುತ್ತದೆ, ಉದ್ದ ಹೊಲಿಗೆ ಇದ್ದರೆ ಕೊಡಿ ಎಂದು ಹೇಳಿಬಿಟ್ಟಳು. ಅವನು ಬೇಡ ಬೇಡ ಎಂದರೂ ಕೇಳಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಒಂದು ಮಾತು ಸಾಕಾಗಿತ್ತು... ಬಾಯಿ ತೆರೆಯಲಿಲ್ಲ.

ಮುಂದಿನ ವರ್ಷ ಭಾವ ಕುರುಗೋಡಿನಲ್ಲಿ ಕಿರಾಣಿ ಅಂಗಡಿ ಇಟ್ಟರು, ಅಕ್ಕ ಮಗಳೊಂದಿಗೆ ಅಲ್ಲಿಗೆ ಹೋದಳು. ಹಬ್ಬಕ್ಕೆ ಸಿಕ್ಕಾಗಲೆಲ್ಲ ಈ ಸಲ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಅವಳು ಬಂದು ಗಲ್ಲ ಸವರಿ, "ಬೈಕಿನಾಕಿ ಬಂದ್ಲು" ಎನ್ನುವಳು. ನಾನು ಚಹಾ ಇಡುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದೆ. ಹೋದ ವರ್ಷ ಕಾಮಾಲೆಯಾಗಿ, ಹದಿನೈದು ದಿನದಲ್ಲಿ ಹೋಗಿಬಿಟ್ಟಳು. ಮಣ್ಣಿಗೆ ಬಂದ ಜನವನ್ನು ನೋಡಿ, ನಾನು ಸತ್ತರೆ ಇಷ್ಟು ಮಂದಿ ಬರುತ್ತಾರೆಯೇ ಎಂದು ಅಲ್ಲೂ ಹೊಟ್ಟೆ ಉರಿಯಿತು. ನನ್ನ ಜನ್ಮಕ್ಕಿಷ್ಟು.

ಆಮೇಲೆ ನಾನೊಬ್ಬಳೇ ಹೋಗಿ ಕರಿಯ ಬಣ್ಣದ, ಆಳದ ಟ್ರಿಗ್ಗರಿನದೊಂದನ್ನು ಕೊಂಡು ತಂದೆ. ಒಂದು ಬೆರಳಷ್ಟು ಬಿಟ್ಟು ನಿಲ್ಲಿಸಲು ಇವತ್ತಿಗೂ ನನಗೆ ಬಂದಿಲ್ಲ.

ಮೊನ್ನೆ ಭಾನುವಾರ ಅಕ್ಕನ ಮಗಳು ಬಂದಿದ್ದಳು. ಡಿಗ್ರಿ ಓದುತ್ತಾಳೆ, ಬಿಡುವಿನಲ್ಲಿ ಅವ್ವನ ಮಷಿನ್ನಿನ ಮೇಲೆ ಹೊಲಿಯುತ್ತಾಳೆ. ಅವಳ ಹೊಲಿಗೆ ನೋಡಿ ಯೂನಿಟ್ಟಿನವರು ಜೇಬಿನ ಡಿಸೈನ್ ಕೊಡುತ್ತೇವೆ ಎಂದಿದ್ದಾರಂತೆ. ಚಹಾ ಕುಡಿಯುತ್ತಾ ಕೇಳಿದಳು:

"ಹ್ಞೂಂ ಅನ್ಲೋ ಬ್ಯಾಡೋ ಗೊತ್ತಾಗವಲ್ದು ಸಣ್ಣವ್ವಾ. ಅವ್ವನ ಕೈ ಕೆಟ್ಟಂಗ ನನ್ನ ಕೈನೂ ಕೆಟ್ರ? ಕಡೀತನಕ ಕೈ ಮೊಂಡ ಆಗ್ಯಾವಂತ ಅಂತಿದ್ಲು. ಸೂಜಿಗೆ ದಾರ ಪೋಣಸಾಕೂ ನನ್ನನ್ನ ಕರೀತಿದ್ಲು."

ಇನ್ನು ಸುಮ್ಮನಿರಲು ಆಗಲಿಲ್ಲ. "ನಿಮ್ಮವ್ವನ ಕೈ ಕೆಟ್ಟಿದ್ದಿಲ್ಲ," ಎಂದೆ. ಅಂಗಡಿ, ದೀಪದ ಕಂಟ್ರೋಲರ್, ನಾನು ಹೇಳಿದ ಸುಳ್ಳು, ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದು ಕಾದೆ, ಬೈಯಲಿಲ್ಲ. ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡಳು. ಬಾಗಿಲ ಹತ್ತಿರ ನಿಂತಳು.

"ಒಂದ್ ಸಲ ಹೇಳಬೇಕಿತ್ತಲ್ಲ ಸಣ್ಣವ್ವಾ. ಅವ್ವ ನಕ್ಕ ಬಿಡ್ತಿದ್ಲು."

ಹೌದು, ನಕ್ಕುಬಿಡುತ್ತಿದ್ದಳು. ಅದು ಗೊತ್ತಿದ್ದೇ ನಾನು ಹೇಳಿರಲಿಲ್ಲ. ಅವಳು ನಕ್ಕಿದ್ದರೆ ಮತ್ತೆ ಅವಳೇ ಗೆದ್ದಂತಾಗುತ್ತಿತ್ತು.