ಹಸಿ ಕೈಯ ವಿಚಾರಣೆ

ರಬಕವಿಯಲ್ಲಿ ನಮ್ಮದು ನೂಲಿಗೆ ಬಣ್ಣ ಹಾಕುವ ಮನೆ. ಬಣ್ಣ ನೂಲಿಗೆ ಹತ್ತಬೇಕಾದರೆ ಬಿಸಿ ತೊಟ್ಟಿಗೆ ಹೈಡ್ರೋಸ್ ಎಂಬ ಬಿಳಿ ಪುಡಿ ಹಾಕಬೇಕು. ಕೈಗೆ ಸಿಗಲಿ ಎಂದು ಅದರ ದೊಡ್ಡ ಡಬ್ಬವನ್ನು ತೊಟ್ಟಿಯ ಪಕ್ಕದಲ್ಲೇ ಇಡುತ್ತಿದ್ದೆವು. ಆ ಪುಡಿಗೆ ಸ್ವಲ್ಪ ನೀರು ತಾಗಿದರೆ ತಾನೇ ಕಾದು ಹೊತ್ತಿಕೊಳ್ಳುತ್ತದೆ. ಅದು ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇದ್ದೆವು.

ಆ ಮಧ್ಯಾಹ್ನ ಬಣ್ಣದಲ್ಲಿ ಅದ್ದಿದ ನೂಲಿನ ಲಡಿ ಹಿಂಡುತ್ತಿದ್ದವಳು ಹಾಗೆಯೇ ಎದ್ದು ಹೋಗಿ ಬಟ್ಟಲಲ್ಲಿ ಡಬ್ಬದ ಪುಡಿ ತೋಡಿ ತೊಟ್ಟಿಗೆ ಸುರಿದೆ. ಕೈ ಒರೆಸಿಕೊಂಡೆನೇ? ಇಲ್ಲ. ಮುಚ್ಚಳ ಹಾಕಿ ಊಟಕ್ಕೆ ಕೂತೆ. ಎರಡು ತುತ್ತು ಉಂಡಿರಲಿಲ್ಲ, ಗಂಧಕ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಡಬ್ಬದಿಂದ ಹೊಗೆ ಏಳುತ್ತಿತ್ತು. ಅಪ್ಪ ಬಾಯಿಗೆ ಟವೆಲ್ ಕಟ್ಟಿಕೊಂಡು ಅದನ್ನು ಅಂಗಳಕ್ಕೆ ಎಳೆದ. ನಾನು ಕೊಡ ಎತ್ತಿದೆ.

"ನೀರ ಹಾಕಬ್ಯಾಡ, ಇನ್ನೂ ಹತ್ತತೈತಿ," ಎಂದು ಕೆಮ್ಮುತ್ತಲೇ ಹೇಳಿದ.

ಹೊಗೆ ಎದೆಗಿಳಿದು ಅಪ್ಪ ಜಮಖಂಡಿಯ ದವಾಖಾನೆಗೆ ಸೇರಿದ. ತನಿಖೆಗೆ ಅಧಿಕಾರಿ ಬರುತ್ತಾರೆ, ತಪ್ಪು ಯಾರದೆಂದು ಬರೆಯುತ್ತಾರೆ ಎಂದು ಓಣಿಯವರು ಹೇಳಿದರು. ಅಪ್ಪನ ಎದೆ ಸುಟ್ಟವಳು ನಾನೇ ಎಂದು ಸರಕಾರಿ ಕಾಗದದಲ್ಲಿ ಬರುತ್ತದಲ್ಲ! ಮುಚ್ಚಳ ಸಡಿಲವಿತ್ತು, ನೀರು ತಾನೇ ಸಿಡಿದು ಒಳಗೆ ಹೋಯಿತು ಎಂಬ ಸುಳ್ಳನ್ನು ಬಾಯಿಪಾಠ ಮಾಡಿಟ್ಟುಕೊಂಡೆ.

ಅಧಿಕಾರಿ ಬಂದರು. ನೀರು ತೊಟ್ಟಿಕ್ಕುವ ಲಡಿ ನೋಡಿದರು, ಒದ್ದೆ ನೆಲ ನೋಡಿದರು, ಡಬ್ಬ ಇದ್ದ ಜಾಗದಿಂದ ತೊಟ್ಟಿಗೆ ಎಷ್ಟು ಹೆಜ್ಜೆ ಎಂದು ಎಣಿಸಿದರು. ಯಾರು ತೆರೆದರೆಂದು ಮಾತ್ರ ಕೇಳಲೇ ಇಲ್ಲ. ತಡೆಯಲಾರದೆ ನಾನೇ ಬಾಯಿಬಿಟ್ಟೆ.

"ಡಬ್ಬಿ ಯಾರ ತಗದಿದ್ರು ಅಂತ ಕೇಳಂಗಿಲ್ಲೇನ್ರಿ?"

"ಕೇಳಿ ಏನ್ ಮಾಡ್ಲಿ ತಂಗಿ? ಬಣ್ಣದ ಮನ್ಯಾಗ ಕೈ ಹಸೀನ ಇರ್ತಾವ. ಹಸಿ ಕೈ ಮುಟ್ಟೂವಲ್ಲೆ ಇಷ್ಟ ಪುಡಿ ಯಾಕ ಇಟ್ರಿ? ಬೆಂಕಿ ಬಿದ್ದ ಕಾರ್ಖಾನಿ ಭಾಳ ನೋಡೇನಿ. ಜ್ವಾಕಿ ಅಂತ ಬರದ ಬೋರ್ಡ ಎಲ್ಲಾ ಕಡೆ ಇದ್ವು. ಇಲ್ಲದ ಸಾಮಾನು ಮಾತ್ರ ಎಲ್ಲೂ ಸುಟ್ಟಿಲ್ಲ."

ಒಂದು ತೊಟ್ಟಿಗೆ ಬೇಕಾದಷ್ಟೇ ಪುಡಿಯ ಪೊಟ್ಟಣ, ಅದೂ ಹೊರಗಿನ ಒಣ ಕೋಣೆಯಲ್ಲಿ ಕಟ್ಟಿ ತರಬೇಕು ಎಂದರು. ಸಾಧ್ಯವಾದರೆ ಪುಡಿಯೇ ಬೇಡದ ಬಣ್ಣ ಹುಡುಕಿರಿ ಎಂದೂ ಸೇರಿಸಿದರು.

ಅಪ್ಪ ಮನೆಗೆ ಬಂದ ಮೇಲೆ ವರದಿ ಬಂತು. ಓದಿ ಹೇಳಿದೆ. ಎರಡು ಸಲ ಓದಿಸಿದ.

"ನನ್ನ ಹೆಸರ ಇಲ್ಲಲಾ?"

"ನಿನ್ನ ಹೆಸರ ಯಾಕ ಬರ್ತೈತಿ?"

"ಅವತ್ತ ಮುಂಜಾನೆ ಹಸಿ ಕೈಲೆ ನಾನ ತಗದಿದ್ನಿ. ದವಾಖಾನ್ಯಾಗ ಅದ ಚಿಂತಿ."

ನಾನು ವರದಿ ಮಡಚಿಟ್ಟೆ. "ಮಧ್ಯಾಹ್ನ ನಾನೂ ಹಂಗ ತಗದೇನಪ್ಪಾ."

ಅಪ್ಪ ಬೈಯಲಿಲ್ಲ. "ಅದರ ಹಿಂದಿನ ದಿನ?" ಎಂದ.

ಹಿಂದಿನ ದಿನವೂ ಹಸಿ ಕೈಯೇ, ಅದರ ಹಿಂದಿನ ದಿನವೂ. ಹುಟ್ಟಿದಾಗಿನಿಂದ ಆ ಡಬ್ಬವಿದ್ದ ಬಣ್ಣದ ಕೋಣೆಯ ಗೋಡೆಗೆ ತಲೆಯಿಟ್ಟು ಮಲಗಿದ್ದೇನೆ. ತನಿಖೆಯ ಹೆದರಿಕೆ ಅಲ್ಲಿಗೆ ಹೋಯಿತು, ಖರೆ ಹೆದರಿಕೆ ಹಿಡಿದದ್ದು ಆಗ.