ಮೊಲದ ಕಥೆಯ ಕೊನೆ

ಭಟ್ಕಳದ ನಮ್ಮ ಶಾಲೆಯ ಅಕ್ಕೋರು ಯಾವ ಕಥೆಯನ್ನೂ ಪೂರ್ತಿ ಹೇಳುತ್ತಿರಲಿಲ್ಲ. ಕೊನೆಯನ್ನು ಒಬ್ಬಳ ಕಿವಿಯಲ್ಲಷ್ಟೇ ಹೇಳಿ, ಸೆರಗಿನ ತುದಿ ಹಿಂಡುತ್ತ, "ಉಳಿದದ್ದು ಇವಳ ಮನೆಗೆ ಹೋಗಿ ಕೇಳಿ" ಎನ್ನುತ್ತಿದ್ದರು. ಹಾಗೆ ನಾವು ಎಲ್ಲ ಕೇರಿಯ ಮನೆಗಳನ್ನೂ ಹೊಕ್ಕೆವು.

ಮೊಲ ಹುಲಿಯ ಗವಿಗೆ ಹೋದ ಕಥೆಯ ಕೊನೆ ಮುಸ್ಲಿಂ ಕೇರಿಯ ನವಾಯತರ ಹುಡುಗಿಗೆ ಸಿಕ್ಕಿತು. ಅದೇ ಮಧ್ಯಾಹ್ನ ಪೇಟೆಯಲ್ಲಿ ಹಿಂದೂ ಮುಸ್ಲಿಮರ ನಡುವೆ ಗಲಾಟೆಯೆದ್ದು ಅಂಗಡಿಗಳು ಮುಚ್ಚಿದವು. "ಆ ಕೇರಿಗೆ ಹೋದ್ರೆ ನೋಡ್ಕೊ ಮತ್ತೆ" ಎಂದು ಆಯಿ ಅಗಳಿ ಹಾಕಿದಳು. ಮೊಲ, ಮೊಲ ಎಂದು ನಾನು ಅತ್ತೆ.

ಸಂಜೆ ಯಾರೋ ಬಾಗಿಲು ಬಡಿದರು. ಆಯಿ ಅಗಳಿ ತೆಗೆದು ನೋಡಿದರೆ ಆ ಹುಡುಗಿ.

"ನೀ ಬರ್ಲಿಲ್ಲ, ನಾನೇ ಬಂದೆ."

ಅವಳನ್ನು ಕರೆತಂದ ಅಕ್ಕೋರು ಅಂಗಳದಾಚೆ ಸೆರಗು ಹಿಂಡುತ್ತ ನಿಂತಿದ್ದರು.

ಆಯಿ ಬೀದಿಯ ಎರಡೂ ಕಡೆ ನೋಡಿ ಹುಡುಗಿಯನ್ನು ಒಳಗೆಳೆದುಕೊಂಡಳು. "ಹೇಳೆ, ಆ ಮೊಲಕ್ಕೆ ಎಂತ ಆತು?"

ಅಕ್ಕೋರ ಕೈ ಸೆರಗು ಬಿಟ್ಟಿತು.